ಮಗ್ಗುಲು ಬದಲಿಸಿದಾಗ ತಲೆಸುತ್ತು
ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಿ ತೆಗೆಯಲು ಕತ್ತೆತ್ತಿದಾಗ ಕೋಣೆಯೇ ಗಿರ್ರನೆ ತಿರುಗಿ, ಒಂದು ನಿಮಿಷದೊಳಗೆ ನಿಂತುಹೋಗುವ ತಲೆಸುತ್ತಿಗೆ ಸಾಮಾನ್ಯ ಕಾರಣ ಬಿಪಿಪಿವಿ ಎಂಬ ಒಳಕಿವಿಯ ತೊಂದರೆ. ರಕ್ತದೊತ್ತಡವೆಂದುಕೊಂಡು ಉಪ್ಪು ಬಿಡುವವರಿದ್ದಾರೆ; ಅದರಿಂದ ಇದು ನಿಲ್ಲದು. ಒಳಕಿವಿಯ ಸೂಕ್ಷ್ಮ ಕ್ಯಾಲ್ಸಿಯಂ ಹರಳುಗಳು ಸ್ಥಾನ ತಪ್ಪಿ ಅರ್ಧವೃತ್ತ ನಾಳಕ್ಕೆ ಜಾರುತ್ತವೆ. ತಲೆ ಅಲುಗಿದಾಗ ಅಲ್ಲಿನ ದ್ರವವನ್ನು ಕದಡಿ ಮಿದುಳಿಗೆ ತಪ್ಪು ಸಂದೇಶ ಕಳಿಸುತ್ತವೆ. ರೋಗಿಯನ್ನು ಥಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆಯ ಅದುರಾಟ ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯಲ್ಲೇ ಇದು ಪತ್ತೆಯಾಗುತ್ತದೆ. ಸ್ಕ್ಯಾನ್ ಸಾಮಾನ್ಯವಾಗಿ ಬೇಡ. ತಿಂಗಳುಗಟ್ಟಲೆ ಮಾತ್ರೆ ನುಂಗುವುದು ವ್ಯರ್ಥ. ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳುಗಳನ್ನು ನಾಳದಿಂದ ಹೊರತರುವ ಎಪ್ಲೀ ವಿಧಾನ ಕೆಲವೇ ನಿಮಿಷದ ಕೆಲಸ, ಒಂದೆರಡು ಸರದಿಯಲ್ಲೇ ಹೆಚ್ಚಿನವರಿಗೆ ಗುಣ. ಮರುಕಳಿಸುವುದುಂಟು. ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.