ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆದರೆ ತೊಂದರೆಯೇ?

ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಂಜಿನ್ ಪದೇ ಪದೇ ಆಫ್ ಆಗಿ ಸ್ಟಾರ್ಟರ್ ಮೋಟಾರ್ ಬೇಗ ಹಾಳಾದೀತೆಂಬ ಆತಂಕ ನಿಮಗೆ ಬೇಡ. ಈ ಆಟೋ ಸ್ಟಾರ್ಟ್-ಸ್ಟಾಪ್ ಸೌಲಭ್ಯವಿರುವ ಕಾರುಗಳಿಗೆ ಅದನ್ನು ತಾಳಿಕೊಳ್ಳುವ ಗಟ್ಟಿ ಸ್ಟಾರ್ಟರ್, ಇಎಫ್‌ಬಿ ಅಥವಾ ಎಜಿಎಂ ಎಂಬ ವಿಶೇಷ ಬ್ಯಾಟರಿ ಕೊಟ್ಟಿರುತ್ತಾರೆ. ಅರ್ಧ ನಿಮಿಷ, ಒಂದು ನಿಮಿಷ ನಿಲ್ಲುವ ಕಡೆ ಪೆಟ್ರೋಲ್ ಉಳಿಯುವುದು ಖಂಡಿತ.

ಆದರೆ ಇಂಚಿಂಚೇ ಸರಿಯುವ ಜಾಮ್‌ನಲ್ಲಿ, ಮಳೆನೀರು ನಿಂತ ರಸ್ತೆಯಲ್ಲಿ ಇದು ಬೇಡ. ‘ಎ’ ಅಕ್ಷರದ ಸುತ್ತ ಬಾಣವಿರುವ ಬಟನ್ ಒತ್ತಿ ಆಫ್ ಮಾಡಿ. ಬಹುತೇಕ ಕಾರುಗಳಲ್ಲಿ ಮುಂದಿನ ಸಲ ಗಾಡಿ ಸ್ಟಾರ್ಟ್ ಮಾಡಿದಾಗ ಅದು ಮತ್ತೆ ಚಾಲೂ ಆಗಿರುತ್ತದೆ.

ಎಸಿಗೆ ಹೆಚ್ಚು ಕೆಲಸವಿದ್ದಾಗ, ಬ್ಯಾಟರಿ ಚಾರ್ಜ್ ಕಡಿಮೆಯಿದ್ದಾಗ ಎಂಜಿನ್ ಆಫ್ ಆಗದಿರಬಹುದು, ಅದು ದೋಷವಲ್ಲ. ಬ್ಯಾಟರಿ ಬದಲಿಸುವಾಗ ಮಾತ್ರ ಅಗ್ಗವೆಂದು ಸಾಮಾನ್ಯ ಬ್ಯಾಟರಿ ಹಾಕಿಸಬೇಡಿ.