ಹೊಳೆ ಬರುವ ಮೊದಲು



ನೀವು ಅಲಂಪುರಕ್ಕೆ ಹೋಗಿದ್ದೀರಾ? ಹೋಗಿದ್ದರೆ ಅಲ್ಲಿಯ ನವಬ್ರಹ್ಮ ದೇವಾಲಯಗಳನ್ನು ನೋಡಿರುವಿರಿ. ಜೋಗುಳಾಂಬ ದೇವಿಯ ಗುಡಿಯನ್ನೂ ನೋಡಿರುವಿರಿ. ಆ ಗುಡಿಗಳಿಗೂ ತುಂಗಭದ್ರಾ ಹೊಳೆಗೂ ನಡುವೆ ಎತ್ತರವಾದ ಒಂದು ಕಟ್ಟೆ ಇದೆ. ಅದನ್ನು ಗಮನಿಸಿದಿರಾ? ಶ್ರೀಶೈಲದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಅದರ ನೀರು ಹಿಂದಕ್ಕೆ ಸರಿದು ಇಲ್ಲಿಯವರೆಗೂ ನಿಲ್ಲತೊಡಗಿತು. ಬಾದಾಮಿ ಚಾಲುಕ್ಯರು ಕಟ್ಟಿಸಿದ ಗುಡಿಗಳು ಮುಳುಗಬಾರದೆಂದು ಆ ಕಟ್ಟೆಯನ್ನು ಕಟ್ಟಿದರು.

ದಡದಲ್ಲಿರುವ ಗುಡಿಗೆ ಕಟ್ಟೆ ಕಟ್ಟಬಹುದು. ಹೊಳೆಯ ನಟ್ಟನಡುವೆ ಇರುವ ಊರಿನವರು ಏನು ಮಾಡಬೇಕು?

ಅಂತಹ ಊರುಗಳು ಇವೆಯೇ ಎಂದು ಕೇಳುವಿರಾ? ನಮ್ಮ ಸಮೀಪದಲ್ಲೇ ಇವೆ. ಗದ್ವಾಲದ ಬಳಿ ಕೃಷ್ಣಾ ನದಿಯು ಎರಡು ಕವಲಾಗಿ ಹರಿಯುತ್ತದೆ. ಆ ಕವಲುಗಳ ನಡುವೆ ಗುರ್ರಂಗಡ್ಡ ಎಂಬ ಊರಿದೆ. ಗುರ್ರಂ ಎಂದರೆ ತೆಲುಗಿನಲ್ಲಿ ಕುದುರೆ. ಗಡ್ಡ ಎಂದರೆ ನಮ್ಮ ಗಡ್ಡೆಯೇ, ಅಂದರೆ ನಡುನೀರಿನ ನೆಲ. ಮಕ್ತಲ್ ಕಡೆಯ ಮಕ್ಕಳು ಪಂಚದೇವಪಹಾಡದಿಂದ ಕುರುವಪುರಕ್ಕೆ ಪುಟ್ಟಿಯಲ್ಲಿ ಹೋಗಿ ಬಂದಿರಬಹುದು. ಅದೂ ನಡುಗಡ್ಡೆಯೇ. ಆಚೆ ರಾಯಚೂರು ಜಿಲ್ಲೆಗೆ ಸೇರಿದೆ. 'ಕುರುವ' ಎಂಬ ಹಳೆಯ ಕನ್ನಡ ಮಾತಿಗೆ ದ್ವೀಪ ಎಂದೇ ಅರ್ಥ. ಹೆಸರಿನಲ್ಲೇ ಊರಿನ ಗುಟ್ಟು ಇದೆ ನೋಡಿ! ಇನ್ನೂ ಮೇಲಕ್ಕೆ ಹೋದರೆ ಯಾದಗಿರಿ ಜಿಲ್ಲೆಯಲ್ಲಿ ನೀಲಕಂಠರಾಯನಗಡ್ಡಿ ಸಿಗುತ್ತದೆ.

ಬೇಸಿಗೆಯಲ್ಲಿ ಹೊಳೆ ಸಣ್ಣದಾಗಿರುತ್ತದೆ. ಮಳೆಗಾಲದಲ್ಲಿ ಮಾತ್ರ 'ಹೊಳೆ ಬಂತು' ಎನ್ನುತ್ತಾರೆ. ಹೊಳೆ ಬಂದಾಗ ಸೆಳವಿನಲ್ಲಿ ಪುಟ್ಟಿ ನಿಲ್ಲುವುದಿಲ್ಲ. ದೋಣಿಯನ್ನೂ ಬಿಡುವುದಿಲ್ಲ. ನೀರು ಇಳಿಯುವವರೆಗೆ ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ.

ಇಲ್ಲಿ ಒಂದು ವಿಚಿತ್ರವಿದೆ. ಅನೇಕ ಸಲ ಹೊಳೆ ಬರುವ ದಿನ ನಮ್ಮ ಊರಿನಲ್ಲಿ ಮಳೆಯೇ ಇರುವುದಿಲ್ಲ! ಆಕಾಶ ತಿಳಿಯಾಗಿರುತ್ತದೆ. ಬಟ್ಟೆ ಒಣಗಲು ಹಾಕಿರುತ್ತಾರೆ. ಆದರೂ ಹೊಳೆ ಏರುತ್ತದೆ. ಹೀಗೇಕೆ? ಕೃಷ್ಣೆ ಹುಟ್ಟುವುದು ದೂರದ ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ. ಮಳೆ ಸುರಿಯುವುದು ಆ ಘಟ್ಟದಲ್ಲಿ. ಆ ನೀರು ಆಲಮಟ್ಟಿಗೆ, ಅಲ್ಲಿಂದ ನಾರಾಯಣಪುರದ ಬಸವಸಾಗರಕ್ಕೆ ಬರುತ್ತದೆ. ಜಲಾಶಯ ತುಂಬಿದಾಗ ಬಾಗಿಲುಗಳನ್ನು ಎತ್ತಿ ನೀರನ್ನು ಕೆಳಗೆ ಬಿಡುತ್ತಾರೆ. ಕೃಷ್ಣಾ ಊರಿನ ಹತ್ತಿರ ಭೀಮೆಯೂ ಬಂದು ಸೇರುತ್ತಾಳೆ. ಮುಂದೆ ಜುರಾಲಾ ಅಣೆಕಟ್ಟಿನ ಬಾಗಿಲುಗಳೂ ಏಳುತ್ತವೆ. ಆದುದರಿಂದ ಗಡ್ಡೆಯ ಜನರು ಮುಗಿಲನ್ನು ನೋಡಿ ಕೂಡುವುದಿಲ್ಲ. ಅಣೆಕಟ್ಟಿನ ಸುದ್ದಿಗೆ ಕಿವಿಗೊಡುತ್ತಾರೆ. ನೀರು ಬಿಡುವ ಮೊದಲು ಅಧಿಕಾರಿಗಳು ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ. ಡಂಗುರ ಸಾರಿಸುತ್ತಾರೆ. ಸುದ್ದಿ ಬಂದುದಕ್ಕೂ ನೀರು ಬರುವುದಕ್ಕೂ ನಡುವೆ ಸ್ವಲ್ಪ ಹೊತ್ತು ಸಿಗುತ್ತದೆ. ಮನೆಯ ಎಲ್ಲ ಸಿದ್ಧತೆ ಆ ಹೊತ್ತಿನಲ್ಲೇ ಮುಗಿಯಬೇಕು.

ಈಗ ನಿಮ್ಮ ಮನೆ ಗಡ್ಡೆಯ ಮೇಲಿದೆ ಎಂದು ತಿಳಿಯಿರಿ. ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಕಾಕಾ, ನೀವು ಮತ್ತು ನಿಮ್ಮ ತಂಗಿ ಇದ್ದೀರಿ. ತೊಟ್ಟಿಲಲ್ಲಿ ನಾಲ್ಕು ತಿಂಗಳ ಕೂಸು. ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ನಾಲ್ಕು ದಿನ ಹೊಳೆ ಇಳಿಯುವುದಿಲ್ಲ ಎಂದು ಸುದ್ದಿ ಬಂದಿದೆ. ಏನೇನು ತರುವಿರಿ? ಎಷ್ಟೆಷ್ಟು ತರುವಿರಿ?

'ಬಹಳ ತರೋಣ' ಎಂದರೆ ಆಗಲಿಲ್ಲ. ಪುಟ್ಟಿಯಲ್ಲಿ ಜಾಗ ಕಡಿಮೆ, ಅಪ್ಪನ ಕಿಸೆಯಲ್ಲಿ ಹಣವೂ ಕಡಿಮೆ. ಲೆಕ್ಕ ಮಾಡಬೇಕು. ಎಷ್ಟು ತಲೆ? ಎಷ್ಟು ದಿನ? ಇವೆರಡನ್ನು ಹಿಡಿದರೆ ಸಾಕು, ಉಳಿದುದೆಲ್ಲ ನೀವು ಕಲಿತ ಗುಣಾಕಾರವೇ.

ದೊಡ್ಡವರು ನಾಲ್ವರು. ಒಬ್ಬರಿಗೆ ದಿನಕ್ಕೆ ಅರ್ಧ ಕಿಲೋ ಜೋಳ ಅಥವಾ ಅಕ್ಕಿ ಎಂದು ಹಿಡಿಯೋಣ. ಒಟ್ಟು 2 ಕಿಲೋ. ನಿಮಗೂ ತಂಗಿಗೂ ಕಾಲು ಕಾಲು ಕಿಲೋ. ಒಟ್ಟು ಅರ್ಧ ಕಿಲೋ. ದಿನಕ್ಕೆ ಎರಡೂವರೆ ಕಿಲೋ ಆಯಿತು. ನಾಲ್ಕು ದಿನಕ್ಕೆ 10 ಕಿಲೋ. ಆದರೆ ಹೊಳೆ ನಮ್ಮ ಮಾತು ಕೇಳುವುದಿಲ್ಲ. ನಾಲ್ಕು ದಿನ ಎಂದುದು ಆರು ದಿನವಾಗಬಹುದು. ಆರು ದಿನಕ್ಕೆ 15 ಕಿಲೋ ಇರಲಿ. ದಿನಕ್ಕೆ ಕಾಲು ಕಿಲೋ ತೊಗರಿಬೇಳೆ ಎಂದರೆ ಒಂದೂವರೆ ಕಿಲೋ.

ಕೂಸಿಗೆ ಏನು ತರಬೇಕು? ಏನೂ ಬೇಡ! ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲೇ ಸಾಕು. ಆದರೆ ಅವ್ವನ ಊಟ ಕಡಿಮೆಯಾಗಬಾರದು. ಕಷ್ಟದ ದಿನಗಳಲ್ಲಿ ಅವ್ವಂದಿರು ಎಲ್ಲರಿಗೂ ಬಡಿಸಿ, ಉಳಿದರೆ ತಾವು ಉಣ್ಣುತ್ತಾರೆ. ಅದಕ್ಕೇ ಲೆಕ್ಕದಲ್ಲಿ ಅವ್ವನ ಪಾಲನ್ನು ಮೊದಲು ತೆಗೆದಿಡಿ.

ಇನ್ನು ಎಮ್ಮೆ. ತರಗತಿಯಲ್ಲಿ ಈ ಲೆಕ್ಕ ಹಾಕಿಸಿದಾಗಲೆಲ್ಲ ಜಾಣ ಮಕ್ಕಳು ಅಕ್ಕಿ ಬೇಳೆಯನ್ನು ಸರಿಯಾಗಿ ಬರೆದು ಎಮ್ಮೆಯನ್ನು ಮರೆತುಬಿಡುತ್ತಾರೆ. ಹಿಂದಿನ ಸಾಲಿನಲ್ಲಿ ಕುಳಿತ, ದನ ಕಾಯ್ದ ಮಕ್ಕಳು ಮಾತ್ರ ಮರೆಯುವುದಿಲ್ಲ. ಎಮ್ಮೆಗೆ ದಿನಕ್ಕೆ ಸುಮಾರು 10 ಕಿಲೋ ಒಣ ಮೇವು ಬೇಕು. ಆರು ದಿನಕ್ಕೆ 60 ಕಿಲೋ. ನಿಮ್ಮೆಲ್ಲರ ಕಾಳಿಗಿಂತ ನಾಲ್ಕು ಪಟ್ಟು! ಅದನ್ನು ಕೊನೆಯ ಗಳಿಗೆಯಲ್ಲಿ ತರಲಾಗದು. ಆದುದರಿಂದಲೇ ಸುಗ್ಗಿಯಲ್ಲೇ ಜೋಳದ ಕಣಿಕೆಯನ್ನು ಎತ್ತರದ ಜಾಗದಲ್ಲಿ ಬಣವೆ ಒಟ್ಟುತ್ತಾರೆ.

ಅಡುಗೆಗೆ ಕಟ್ಟಿಗೆ, ಕುಳ್ಳು ಅಥವಾ ಗ್ಯಾಸ್ ಬೇಕು. ಎಲ್ಲವೂ ನೆನೆದರೆ? ಆಗ ಒಲೆ ಹಚ್ಚದೆ ತಿನ್ನುವ ಆಹಾರ ಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಪುಠಾಣಿ, ಚುರುಮರಿ, ಬೆಲ್ಲ, ಉಪ್ಪಿನಕಾಯಿ. ನಮ್ಮ ಕಡೆಯ ಹೆಣ್ಣುಮಕ್ಕಳು ಇವನ್ನು ಎಷ್ಟೋ ಕಾಲದಿಂದ ಮಾಡಿಡುತ್ತ ಬಂದಿದ್ದಾರೆ. ಚೆನ್ನಾಗಿ ಒಣಗಿದ ಕಟಕ ರೊಟ್ಟಿ ಹಲವು ದಿನ ಕೆಡುವುದಿಲ್ಲ, ಏಕೆಂದರೆ ಅದರಲ್ಲಿ ತೇವವಿಲ್ಲ. ಬೂಷ್ಟು ಬೆಳೆಯಲು ತೇವ ಬೇಕು. ಬಿಸಿ ರೊಟ್ಟಿಯನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ನೋಡಿ, ಎರಡು ಮೂರು ದಿನದಲ್ಲಿ ವ್ಯತ್ಯಾಸ ತಿಳಿಯುವುದು.

ಈಗ ನೀರು. ಸುತ್ತಲೂ ಹೊಳೆಯೇ ಇರುವಾಗ ನೀರನ್ನೇಕೆ ಕೂಡಿಡಬೇಕು ಎಂದು ನಗುವಿರಾ? ಹೊಳೆ ಬಂದಾಗ ನೀರು ಕೆಂಪಾಗಿ, ಕಸ ಕಡ್ಡಿ ಹೊಲಸನ್ನೆಲ್ಲ ಹೊತ್ತು ತರುತ್ತದೆ. ಬಾವಿಗೂ ಕೊಳವೆಬಾವಿಗೂ ಅದು ನುಗ್ಗಿದರೆ ಅವುಗಳ ನೀರೂ ಕೆಡುತ್ತದೆ. ಅಂತಹ ನೀರನ್ನು ಕುಡಿದರೆ ವಾಂತಿಭೇದಿ ಬರುತ್ತದೆ. ನೆರೆಯ ನಡುವೆ ಬಾಯಾರಿಕೆ ಎಂದರೆ ಇದೇ. ಕುಡಿಯುವುದಕ್ಕೂ ಅಡುಗೆಗೂ ಒಬ್ಬರಿಗೆ ದಿನಕ್ಕೆ 5 ಲೀಟರ್ ಎಂದು ಹಿಡಿಯಿರಿ. ಆರು ಜನಕ್ಕೆ 30 ಲೀಟರ್. ಆರು ದಿನಕ್ಕೆ 180 ಲೀಟರ್. 15 ಲೀಟರಿನ ಕೊಡಗಳು ಎಷ್ಟು ಬೇಕಾದವು? ಹನ್ನೆರಡು! ಅಷ್ಟು ಕೊಡಗಳು ಯಾರ ಮನೆಯಲ್ಲಿವೆ? ಹಂಡೆ, ಡ್ರಮ್ಮು, ಪಾತ್ರೆ ಎಲ್ಲವನ್ನೂ ತೊಳೆದು ತುಂಬಿಸಿ ಮುಚ್ಚಿಡಬೇಕು. ಅನುಮಾನವಿದ್ದರೆ ಕುದಿಸಿ ಆರಿಸಿ ಕುಡಿಯಬೇಕು. ಸಕ್ಕರೆ ಉಪ್ಪು ಮನೆಯಲ್ಲಿರಲಿ. ಯಾರಿಗಾದರೂ ಭೇದಿಯಾದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಕಲಸಿ ಆಗಾಗ ಕುಡಿಸಬೇಕು. ಚಮಚದ ಮೇಲೆ ಗುಡ್ಡೆ ಇರಬಾರದು, ಸಮನಾಗಿರಬೇಕು.

ತಂದಿಟ್ಟರೆ ಮುಗಿಯಲಿಲ್ಲ, ಎಲ್ಲಿ ಇಡುವುದು ಎಂಬುದೂ ಮುಖ್ಯ. ಇದನ್ನು ಅಲಂಪುರ 2009ರಲ್ಲಿ ಕಂಡಿತು. ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಹಗಲಿರುಳು ಮಳೆ ಸುರಿಯಿತು. ಅಕ್ಟೋಬರ್ 2ರಂದು ತುಂಗಭದ್ರೆ ಉಕ್ಕಿ ಆಚೆ ದಡದ ಕರ್ನೂಲು ನಗರವನ್ನು ಮುಳುಗಿಸಿತು. ಮಂತ್ರಾಲಯಕ್ಕೂ ನೀರು ನುಗ್ಗಿತು. ಅಲಂಪುರದ ಮನೆಗಳಿಗೂ ನುಗ್ಗಿತು. ಶ್ರೀಶೈಲ ಜಲಾಶಯದ ಪೂರ್ಣ ಮಟ್ಟ 885 ಅಡಿ. ಆಗ ಅಲ್ಲಿ ನೀರು 896 ಅಡಿಗೆ ಏರಿತ್ತು. ನೀರು ನುಗ್ಗಿದ ಮನೆಯಲ್ಲಿ ನೆಲದ ಮೇಲಿಟ್ಟ ಚೀಲ ಎಷ್ಟು ದೊಡ್ಡದಿದ್ದರೇನು? ನೆನೆದ ಜೋಳ ಮೊಳೆಯುತ್ತದೆ, ನೆನೆದ ಹಿಟ್ಟು ಹಳಸುತ್ತದೆ. ಕಾಳು ಅಟ್ಟದ ಮೇಲಿರಬೇಕು. ರೇಷನ್ ಕಾರ್ಡು, ಆಸ್ಪತ್ರೆಯ ಚೀಟಿ, ನಿಮ್ಮ ಪುಸ್ತಕಗಳು ಪ್ಲಾಸ್ಟಿಕ್ ಚೀಲದಲ್ಲಿರಬೇಕು. ಆ ಮಳೆಯಲ್ಲಿ ನಮ್ಮ ಮನೆಗೆ ಹೊಳೆ ಬರಲಿಲ್ಲ, ಮಾಳಿಗೆ ಮಾತ್ರ ಸೋರಿತು. ಜೋಳವಿತ್ತು, ಬೇಳೆಯಿತ್ತು, ಕಟ್ಟಿಗೆಯೂ ಒಣಗಿತ್ತು. ಗೂಡಿನಲ್ಲಿಟ್ಟ ಕಡ್ಡಿಪೆಟ್ಟಿಗೆ ಒಂದೇ ನೆನೆದಿತ್ತು! ಆ ರಾತ್ರಿ ಗುರುಗಳ ಮನೆಯವರೆಲ್ಲ ಚುರುಮರಿ ತಿಂದು ಮಲಗಿದೆವು. ಅಂದಿನಿಂದ ನಮ್ಮ ಮನೆಯಲ್ಲಿ ಕಡ್ಡಿಪೆಟ್ಟಿಗೆ ಮುಚ್ಚಳದ ಡಬ್ಬಿಯಲ್ಲಿರುತ್ತದೆ.

ಹೊಳೆಯಿಲ್ಲದೆಯೂ ಮನೆಯೊಳಗೆ ಉಳಿಯಬೇಕಾದ ದಿನಗಳು ಬರುತ್ತವೆ. 2020ರಲ್ಲಿ ಕೊರೊನಾ ರೋಗ ಬಂದಿತ್ತು. ನೀವು ಆಗ ತೀರ ಚಿಕ್ಕವರು. ಮಾರ್ಚ್ 22ರಂದು ಜನತಾ ಕರ್ಫ್ಯೂ ಆಯಿತು. 25ರಿಂದ ದೇಶಕ್ಕೆ ದೇಶವೇ 21 ದಿನ ಮನೆಯಲ್ಲಿರಬೇಕೆಂದು ಆಜ್ಞೆಯಾಯಿತು. ಆ ಗಡುವು ಆಮೇಲೆ ಮುಂದಕ್ಕೂ ಹೋಯಿತು. ಜನರು ಗಾಬರಿಯಾಗಿ ಕಿರಾಣಿ ಅಂಗಡಿಗೆ ಓಡಿದರು. ಕೆಲವರು ಮೂರು ತಿಂಗಳಿಗೆ ಸಾಕಾಗುವಷ್ಟು ಕೊಂಡರು. ವಾಸ್ತವವಾಗಿ ಕಿರಾಣಿ, ಹಾಲು, ಔಷಧದ ಅಂಗಡಿಗಳನ್ನು ಮುಚ್ಚಿರಲಿಲ್ಲ. ಹಾಗಾದರೆ ಮೂಟೆ ಮೂಟೆ ಕೊಂಡುದರಿಂದ ಆದುದೇನು? ದಿನಗೂಲಿ ತಂದು ಅಂದಂದಿನ ಅಕ್ಕಿ ಕೊಳ್ಳುವವರು ಸಂಜೆ ಬರುವಷ್ಟರಲ್ಲಿ ಅಂಗಡಿ ಬರಿದಾಗಿತ್ತು. ಲೆಕ್ಕವಿಲ್ಲದೆ ಕೂಡಿಟ್ಟವನು ಪಕ್ಕದ ಮನೆಯವರ ಪಾಲನ್ನೂ ತನ್ನ ಅಟ್ಟದಲ್ಲಿ ಇಟ್ಟುಕೊಂಡಂತೆ. ಆಗ ತೆಲಂಗಾಣ ಸರಕಾರವು ರೇಷನ್ ಕಾರ್ಡಿನ ಬಡ ಕುಟುಂಬಗಳಿಗೆ ತಲೆಗೆ 12 ಕಿಲೋ ಅಕ್ಕಿಯನ್ನು ಉಚಿತವಾಗಿ ಕೊಟ್ಟಿತು. ಮನೆಗೆ 1,500 ರೂಪಾಯಿಗಳನ್ನೂ ಕೊಟ್ಟಿತು. 12 ಕಿಲೋವನ್ನು 30 ದಿನಕ್ಕೆ ಭಾಗಿಸಿರಿ. ದಿನಕ್ಕೆ 400 ಗ್ರಾಂ ಬರುತ್ತದೆ. ನಮ್ಮ ಅರ್ಧ ಕಿಲೋ ಲೆಕ್ಕಕ್ಕೆ ಎಷ್ಟು ಹತ್ತಿರವಿದೆ ನೋಡಿದಿರಾ?

ತಲೆ ಎಣಿಸಿದೆವು, ದಿನ ಎಣಿಸಿದೆವು. ಇಷ್ಟಾದರೂ ಅಟ್ಟದಲ್ಲಿ ಇಡಲಾಗದ ಕೆಲವು ಸಂಗತಿಗಳಿವೆ. ಅಜ್ಜಿಯ ರಕ್ತದೊತ್ತಡದ ಗುಳಿಗೆಗಳನ್ನು ಎಣಿಸಿ ತಂದಿಡಬಹುದು. ಡಾಕ್ಟರರನ್ನು ತಂದಿಡಲಾಗುವುದೇ?

2013ರ ಮಳೆಗಾಲದಲ್ಲಿ ನೀಲಕಂಠರಾಯನಗಡ್ಡಿಯಲ್ಲಿ ಒಬ್ಬ ತುಂಬು ಗರ್ಭಿಣಿ ಇದ್ದಳು. ದಿನ ಹತ್ತಿರವಾಗಿತ್ತು. ಊರಿನಲ್ಲಿ ಆಸ್ಪತ್ರೆ ಇರಲಿಲ್ಲ. ಸುತ್ತ ಕೃಷ್ಣೆ ತುಂಬಿ ಹರಿಯುತ್ತಿದ್ದಳು. ಅಲ್ಲಿಯೇ ಹೆರಿಗೆಯಾದರೆ ಮಗುವಿಗೆ ಏನಾಗುವುದೋ ಎಂದು ಆಕೆ ಹೆದರಿದಳು. ಕೊನೆಗೆ ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಹೊಳೆಗೆ ಇಳಿದಳು. ತಂದೆ ಮತ್ತು ಅಣ್ಣತಮ್ಮಂದಿರು ಜೊತೆಗೆ ಈಜಿದರು. ಸೆಳವು ಎಳೆಯುತ್ತಿತ್ತು. ಆದರೂ ಆಕೆ ದಡ ಸೇರಿದಳು. ವೈದ್ಯರು ಪರೀಕ್ಷಿಸಿದಾಗ ತಾಯಿಯೂ ಹೊಟ್ಟೆಯೊಳಗಿನ ಮಗುವೂ ಕ್ಷೇಮವಾಗಿದ್ದರು. ಈ ಸುದ್ದಿ ಹೊರದೇಶದ ಪತ್ರಿಕೆಗಳಲ್ಲೂ ಬಂತು. ಎಲ್ಲರೂ ಆಕೆಯ ಧೈರ್ಯವನ್ನು ಹೊಗಳಿದರು. ನನಗೂ ಆಕೆಯ ಮೇಲೆ ಗೌರವವಿದೆ. ಆದರೆ ಆ ಸುದ್ದಿ ಓದಿದ ದಿನ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಒಂಬತ್ತು ತಿಂಗಳ ಗರ್ಭಿಣಿ ಹೊಳೆಯಲ್ಲಿ ಈಜಬೇಕಾಗಿ ಬಂದುದು ಏಕೆ?

ಆದುದರಿಂದ ಡಂಗುರ ಕೇಳಿದ ಕೂಡಲೆ ಪುಟ್ಟಿ ಎರಡು ಕೆಲಸ ಮಾಡಬೇಕು. ಬರುವಾಗ ಕಾಳು, ಬೇಳೆ, ಎಣ್ಣೆ, ಗುಳಿಗೆ ತರಬೇಕು. ಹೋಗುವಾಗ ಬರಿದೇ ಹೋಗಬಾರದು. ದಿನ ತುಂಬಿದ ಬಸುರಿಯನ್ನು, ಜ್ವರ ಬಂದ ಮಗುವನ್ನು, ಹಾಸಿಗೆ ಹಿಡಿದ ಮುದುಕರನ್ನು ದಡಕ್ಕೆ ಕರೆದೊಯ್ಯಬೇಕು. ಅವರನ್ನು ದಡದ ಊರಿನ ನೆಂಟರ ಮನೆಯಲ್ಲಿ ಅಥವಾ ಆಸ್ಪತ್ರೆಯ ಬಳಿ ಇರಿಸಬೇಕು. ಮೊದಲ ಪುಟ್ಟಿ ಅವರದು. ಅಕ್ಕಿಯ ಚೀಲ ಎರಡನೆಯ ಪುಟ್ಟಿಯಲ್ಲಿ ಬಂದರೂ ನಡೆಯುತ್ತದೆ.

ಅಭ್ಯಾಸ

1. ನಿಮ್ಮ ಮನೆಯ ತಲೆ ಎಣಿಸಿರಿ. ಐದು ದಿನಕ್ಕೆ ಬೇಕಾದ ಕಾಳು, ಬೇಳೆ, ನೀರುಗಳ ಲೆಕ್ಕ ಬರೆಯಿರಿ. ದನಕರುಗಳನ್ನು ಮರೆಯಬೇಡಿರಿ.
2. ಮಳೆಯಿಲ್ಲದ ದಿನವೂ ಕೃಷ್ಣೆ ಏಕೆ ಏರುತ್ತಾಳೆ?
3. ಒಲೆ ಹಚ್ಚದೆ ತಿನ್ನಬಹುದಾದ, ಬಹುದಿನ ಬಾಳುವ ಯಾವ ಯಾವ ತಿನಿಸುಗಳನ್ನು ನಿಮ್ಮ ಮನೆಯಲ್ಲಿ ಮಾಡುತ್ತಾರೆ? ಅಜ್ಜಿಯನ್ನು ಕೇಳಿ ಬರೆಯಿರಿ.
4. ನಿಮ್ಮ ಓಣಿಯಲ್ಲಿ ಮೊದಲ ಪುಟ್ಟಿ ಯಾರಿಗೆ ಬೇಕಾದೀತು? ಏಕೆ?