ಕರಗುವ ಚೀಲ, ಪೇಟೆ ಕಸದ ಗೊಬ್ಬರ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಮ್ಮ ಬೆಳೆಗಾರರು ‘ಮಣ್ಣಲ್ಲಿ ಕರಗುವ ಪ್ಲಾಸ್ಟಿಕ್’ ಎಂಬ ಮಾತನ್ನು ಒರೆಗೆ ಹಚ್ಚಿ ನೋಡಬೇಕು. ಐಎಸ್ 17088 ಮಾನಕದ ಪರೀಕ್ಷೆ ನಡೆಯುವುದು ಹಸಿ ಗೊಬ್ಬರದಲ್ಲಿ, ಸುಮಾರು 58 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ. ಗಡುವು ಆರು ತಿಂಗಳು. ನಮ್ಮ ಸಣ್ಣ ತಿಪ್ಪೆ ಅಷ್ಟು ದಿನ ಆ ಕಾವು ಹಿಡಿಯದು. ಅಡಿಕೆ ಬುಡದ ಮಣ್ಣಂತೂ ದೂರದ ಮಾತು. ಆದ್ದರಿಂದ ಅಂಥ ಚೀಲದ ಸಸಿಯನ್ನೂ ಚೀಲ ಹರಿದು ತೆಗೆದೇ ನೆಡಬೇಕು.

ನಗರಸಭೆ, ಪುರಸಭೆಗಳ ಗೊಬ್ಬರದ ಮಾತು ಬೇರೆ. ಹಸಿ ಕಸ ಮನೆಯಲ್ಲೇ ಬೇರೆಯಾಗಿ ಬಂದರೆ ಅದು ನಿಜಕ್ಕೂ ಉಪಕಾರಿ. ಬೆರಕೆ ಕಸದ್ದಾದರೆ ಗಾಜು, ಪ್ಲಾಸ್ಟಿಕ್ ಚೂರು, ಸೀಸವೂ ತೋಟ ಸೇರಬಹುದು. ರಸಗೊಬ್ಬರ ನಿಯಂತ್ರಣ ಆದೇಶದಂತೆ ನೂರಕ್ಕೆ 90 ಪಾಲು 4 ಮಿ.ಮೀ. ಜರಡಿ ದಾಟಬೇಕು. ಒಂದು ಬುಟ್ಟಿ ಜರಡಿ ಹಿಡಿದು ನೋಡಿ, ಪರೀಕ್ಷಾ ವರದಿ ಕೇಳಿ, ಆಮೇಲೆ ಗಾಡಿ ಹೂಡಿರಿ.